ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ಪಾಠಶೋಧ

ಭಾರತೀಯ ಶಲ್ಯತಂತ್ರದ ಆಕರಗ್ರಂಥವಾದ ಸುಶ್ರುತಸಂಹಿತೆಯು ಶಸ್ತ್ರಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರಾಗಿ ವಿಂಗಡಿಸುತ್ತದೆ. ಸೂತ್ರಸ್ಥಾನದ 5ನೆಯ ಅಧ್ಯಾಯಕ್ಕೆ 'ಅಗ್ರೋಪಹರಣೀಯ' ಎಂದು ಹೆಸರು. ಮೊದಲೇ ತಂದು ಒದಗಿಸಿಕೊಳ್ಳಬೇಕಾದವುಗಳನ್ನು ಕುರಿತದ್ದು ಎಂದು ಅದರ ಅರ್ಥ. ಯಂತ್ರ, ಶಸ್ತ್ರ, ಕ್ಷಾರ, ಅಗ್ನಿ, ಹತ್ತಿ, ಬಟ್ಟೆ, ದಾರ, ಜೇನು, ತುಪ್ಪ, ಬೀಸಣಿಗೆ, ಬಿಸಿನೀರು, ತಣ್ಣೀರು ಹೀಗೆ ಪಟ್ಟಿ ಬೆಳೆಯುತ್ತದೆ. ಪಟ್ಟಿಯ ಕೊನೆಗೆ ಬರುವವರು ಪರಿಚಾರಕರು. ಅವರು ಸ್ನೇಹವುಳ್ಳವರೂ ಸ್ಥಿರಚಿತ್ತರೂ ಬಲಶಾಲಿಗಳೂ ಆಗಿರಬೇಕು. ನೋವಿನಿಂದ ಒದ್ದಾಡುವ ರೋಗಿಯನ್ನು ಹಿಡಿದು ನಿಲ್ಲಿಸಬೇಕಾದವರಿಗೆ ಈ ಮೂರು ಗುಣಗಳೂ ಏಕೆ ಬೇಕು ಎಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಇಷ್ಟವಾದ ಆಹಾರವನ್ನು ಕೊಡಬೇಕೆಂದೂ, ಮದ್ಯಪಾನದ ಅಭ್ಯಾಸವಿರುವವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಆ ಗ್ರಂಥ ಹೇಳುತ್ತದೆ. ಉದರ, ಅಶ್ಮರಿ, ಭಗಂದರ, ಮುಖರೋಗ ಮೊದಲಾದ ಕೆಲವು ಸಂದರ್ಭಗಳಲ್ಲಿ ಮಾತ್ರ ಬರಿ ಹೊಟ್ಟೆಯಲ್ಲಿರುವಾಗಲೇ ಶಸ್ತ್ರಕರ್ಮ ನಡೆಯಬೇಕು.

ಇಂದಿನ ಪೂರ್ವಕರ್ಮದ ಸ್ವರೂಪವನ್ನು ಬದಲಿಸಿದ್ದು ಅರಿವಳಿಕೆಯ ಶೋಧ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಅನಿಲದ ಪ್ರಯೋಗವನ್ನು ಬಹಿರಂಗವಾಗಿ ತೋರಿಸಿದ ಮೇಲೆ, ರೋಗಿಯನ್ನು ಹಿಡಿದು ನಿಲ್ಲಿಸುವ ಬಲಶಾಲಿಗಳ ಅಗತ್ಯ ಕ್ರಮೇಣ ಇಲ್ಲವಾಯಿತು. ಅವರ ಜಾಗದಲ್ಲಿ ರೋಗಿಯ ಉಸಿರನ್ನೂ ಹೃದಯವನ್ನೂ ರಕ್ತದೊತ್ತಡವನ್ನೂ ಕಾಯುವ ಇನ್ನೊಬ್ಬ ವೈದ್ಯರು ಬಂದರು. ಶಸ್ತ್ರವೈದ್ಯರು ಒಂದು ಅಂಗವನ್ನು ಗಮನಿಸಿದರೆ, ಅರಿವಳಿಕೆ ತಜ್ಞರು ಇಡೀ ಮನುಷ್ಯನನ್ನು ಗಮನಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳಲ್ಲಿ ಬಹುಪಾಲು ಇವರ ಪ್ರಶ್ನೆಗಳಿಗೆ ಉತ್ತರ ಒದಗಿಸುವುದಕ್ಕಾಗಿಯೇ ನಡೆಯುತ್ತವೆ. ನನ್ನ 72ನೆಯ ವಯಸ್ಸಿನಲ್ಲಿ ಪಿತ್ತಕೋಶದ ಕಲ್ಲುಗಳಿಗಾಗಿ ನಡೆದ ಶಸ್ತ್ರಚಿಕಿತ್ಸೆಯ ಪೂರ್ವಕರ್ಮ ಹಸ್ತಪ್ರತಿಗಳ ನಡುವೆ ಬದುಕು ಕಳೆದ ನನಗೆ ಅನಿರೀಕ್ಷಿತವಾಗಿ ಪರಿಚಿತವೆನಿಸಿತು. ಅದನ್ನು ಸಾಹಿತ್ಯದ ವಿದ್ಯಾರ್ಥಿಗಳೊಂದಿಗೆ ಹಂಚಿಕೊಳ್ಳಲು ಕಾರಣ, ಅಲ್ಲಿ ನಿರ್ಣಾಯಕವಾದ ಆಕರವು ಯಾವ ಯಂತ್ರದಿಂದಲೂ ಬಂದುದಾಗಿರಲಿಲ್ಲ. ಅದು ನಮ್ಮ ಮನೆಯಲ್ಲಿ ಅರ್ಧ ಶತಮಾನದಿಂದ ಬಾಯಿಂದ ಬಾಯಿಗೆ ಬಂದ ಒಂದು ಕತೆ.

ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಎದ್ದು ಬೆನ್ನಿಗೆ ಹಬ್ಬುತ್ತಿದ್ದ ನೋವು ಕೆಲವು ತಿಂಗಳುಗಳಿಂದ ಇತ್ತು. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಸಣ್ಣ ಕಲ್ಲುಗಳು ಕಂಡವು. ಅವುಗಳಲ್ಲಿ ಒಂದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆಯೋ ಮೇದೋಜೀರಕಾಂಗದ ಉರಿಯೂತವೋ ಬರಬಹುದು, ಅಲ್ಲಿಯವರೆಗೆ ಕಾಯುವುದು ಬೇಡ ಎಂದು ಶಸ್ತ್ರವೈದ್ಯರು ಹೇಳಿದರು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ಇಂಗಾಲದ ಡೈಆಕ್ಸೈಡನ್ನು ತುಂಬಿ ಒಳಗೆ ಜಾಗ ಮಾಡಿಕೊಂಡು, ದುರ್ಬೀನಿನ ನೆರವಿನಿಂದ ಪಿತ್ತಕೋಶವನ್ನೇ ತೆಗೆಯುವ ಲ್ಯಾಪ್ರೊಸ್ಕೋಪಿ ವಿಧಾನವನ್ನು ಅವರು ವಿವರಿಸಿದರು. ಇದಕ್ಕೆ ಪೂರ್ಣ ಅರಿವಳಿಕೆ ಬೇಕು. ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸಿ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಬೇಕು. ಹಾಗೆ ಮಾಡಲು ದೇಹದ ಸ್ನಾಯುಗಳೆಲ್ಲ ಸಡಿಲವಾಗುವ ಔಷಧವನ್ನು ಕೊಡಬೇಕು. ಕೊನೆಯ ಈ ವಾಕ್ಯದ ಮಹತ್ವ ಮುಂದೆ ತಿಳಿಯಿತು.

ಆಸ್ಪತ್ರೆಯ ದಾದಿ ಕೈಗಿತ್ತ ಚೀಟಿಯಲ್ಲಿ ಹತ್ತಕ್ಕೂ ಮಿಕ್ಕಿ ಪರೀಕ್ಷೆಗಳಿದ್ದವು. ಅವುಗಳನ್ನು ಮೂರು ದಿನಗಳಲ್ಲಿ ಮಾಡಿಸಿದೆ. ಬೇರೆ ಬೇರೆ ಕಿಟಕಿಗಳ ಮುಂದೆ ನಿಂತು, ತೋಳು ಚಾಚಿ, ಅಂಗಿ ಕಳಚಿ, ಉಸಿರು ಬಿಗಿಹಿಡಿದು, ಮಗ್ಗುಲಾಗಿ ಮಲಗಿ ಕಳೆದ ಆ ಮೂರು ದಿನಗಳಲ್ಲಿ ನನ್ನಂತೆಯೇ ಚೀಟಿ ಹಿಡಿದು ಓಡಾಡುತ್ತಿದ್ದ ಹಲವರು ಇದನ್ನೆಲ್ಲ ಬರಿಯ ಶಾಸ್ತ್ರವೆಂದೂ ಹಣ ಕೀಳುವ ಉಪಾಯವೆಂದೂ ಗೊಣಗುವುದು ಕಿವಿಗೆ ಬಿತ್ತು. ಪ್ರತಿಯೊಂದು ಪರೀಕ್ಷೆಯೂ ಒಂದು ಖಚಿತವಾದ ಪ್ರಶ್ನೆಯನ್ನು ಕೇಳುತ್ತದೆ ಎಂಬುದನ್ನು ಅವರಿಗೆ ಯಾರಾದರೂ ಎರಡು ಮಾತಿನಲ್ಲಿ ತಿಳಿಸಿದ್ದರೆ ಆ ಬೇಸರ ಅಷ್ಟು ಇರುತ್ತಿರಲಿಲ್ಲ. ಹಿಮೋಗ್ಲೋಬಿನ್ ಎಣಿಕೆಯು ರಕ್ತಸ್ರಾವವಾದರೆ ತಡೆದುಕೊಳ್ಳುವ ಶಕ್ತಿ ಎಷ್ಟಿದೆಯೆಂದು ಕೇಳುತ್ತದೆ. ರಕ್ತ ಹೆಪ್ಪುಗಟ್ಟುವ ಅವಧಿಯ ಪರೀಕ್ಷೆಯು ಆ ಸ್ರಾವ ತಾನಾಗಿ ನಿಲ್ಲುವುದೇ ಎಂದು ಕೇಳುತ್ತದೆ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ ಮೇಲೆ, ಬೇರೆಯವರ ರಕ್ತ ಬೇಕಾದರೆ ಯಾರದು ಹೊಂದುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವಂತಾಯಿತು. ಕ್ರಿಯಾಟಿನಿನ್ ಪ್ರಮಾಣವು ಕೊಟ್ಟ ಔಷಧಗಳನ್ನು ಮೂತ್ರಪಿಂಡಗಳು ಹೊರಹಾಕಬಲ್ಲವೇ ಎಂಬುದನ್ನು ತಿಳಿಸುತ್ತದೆ. ಸಕ್ಕರೆಯ ಎರಡು ಪರೀಕ್ಷೆಗಳಲ್ಲಿ ಒಂದು ಆ ಕ್ಷಣದ ವರದಿ. ಎಚ್‌ಬಿಎ1ಸಿ ಎಂಬ ಇನ್ನೊಂದು ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ನಿನ್ನೆಯ ಉಪವಾಸದಿಂದ ಮೊದಲನೆಯದನ್ನು ತಿದ್ದಬಹುದು, ಎರಡನೆಯದನ್ನು ತಿದ್ದಲಾಗದು. ಇ.ಸಿ.ಜಿ., ಎಕೋ, ಎದೆಯ ಎಕ್ಸ್‌ರೇಗಳು ಹೃದಯ ಹಾಗೂ ಶ್ವಾಸಕೋಶಗಳ ಸ್ಥಿತಿಯನ್ನು ಹೇಳುತ್ತವೆ. ಹಿಮೋಗ್ಲೋಬಿನ್ 13.2, ಎಚ್‌ಬಿಎ1ಸಿ 6.4, ಕ್ರಿಯಾಟಿನಿನ್ 1.0, ಎಕೋದಲ್ಲಿ ಹೃದಯದ ಪಂಪಿನ ಸಾಮರ್ಥ್ಯ ಶೇ. 60 ಎಂಬ ನನ್ನ ಅಂಕಿಗಳನ್ನು ಕಂಡು ಶಸ್ತ್ರವೈದ್ಯರು ತೃಪ್ತರಾದರು. ಅವರ ಪಾಲಿಗೆ ಉಳಿದದ್ದು ಅರಿವಳಿಕೆ ತಜ್ಞರ ಒಪ್ಪಿಗೆ ಮಾತ್ರ.

ಅರಿವಳಿಕೆ ತಜ್ಞೆ ನನ್ನ ಮಗಳ ವಯಸ್ಸಿನವರು. ವರದಿಗಳ ಕಡತವನ್ನು ತಿರುವಿಹಾಕಿ ಪಕ್ಕಕ್ಕಿಟ್ಟರು. ಬಾಯನ್ನು ಪೂರ್ತಿ ತೆರೆದು ನಾಲಗೆ ಚಾಚಲು ಹೇಳಿ, ಗಂಟಲನ್ನು ದೀಪ ಹಿಡಿದು ನೋಡಿದರು. ಕಿರುನಾಲಗೆ ಎಷ್ಟು ಕಾಣುತ್ತದೆ ಎಂಬುದರ ಮೇಲೆ ಕೊಳವೆಯನ್ನು ಇಳಿಸುವುದು ಸುಲಭವೋ ಕಷ್ಟವೋ ಎಂದು ಅಂದಾಜು ಮಾಡುವ ಈ ಕ್ರಮಕ್ಕೆ 'ಮಲ್ಲಂಪಾಟಿ ವರ್ಗೀಕರಣ' ಎಂದು ಹೆಸರು. ಆಂಧ್ರ ಮೂಲದ, ಬಾಸ್ಟನ್ನಿನಲ್ಲಿ ವೃತ್ತಿ ನಡೆಸಿದ ವೈದ್ಯ ಶೇಷಗಿರಿ ರಾವ್ ಮಲ್ಲಂಪಾಟಿಯವರು 1985ರಲ್ಲಿ ಪ್ರಕಟಿಸಿದ ಪ್ರಬಂಧ ಅದರ ಮೂಲ. ಯಂತ್ರವಿಲ್ಲದೆ, ಖರ್ಚಿಲ್ಲದೆ, ನೋಡಿ ತಿಳಿಯುವ ವಿದ್ಯೆ ಅದು. ಆ ಮೇಲೆ ಕತ್ತನ್ನು ಹಿಂದಕ್ಕೆ ಬಾಗಿಸಲು ಹೇಳಿದರು. ಅಲ್ಲಾಡುವ ಹಲ್ಲಿದೆಯೇ, ಕಟ್ಟಿಸಿದ ಹಲ್ಲಿದೆಯೇ, ಎರಡು ಮಹಡಿ ಹತ್ತಿದರೆ ಏದುಸಿರು ಬರುವುದೇ, ರಾತ್ರಿ ಗೊರಕೆ ಹೊಡೆಯುವಿರಾ, ಯಾವ ಔಷಧಕ್ಕಾದರೂ ಮೈಯಲ್ಲಿ ದದ್ದು ಎದ್ದಿತ್ತೇ, ನಾಟಿ ಔಷಧ ಸೇವಿಸುತ್ತಿರುವಿರಾ ಎಂದು ಒಂದೊಂದಾಗಿ ಕೇಳುತ್ತ ಉತ್ತರಗಳನ್ನು ಬರೆದುಕೊಂಡರು.

"ಮನೆಯಲ್ಲಿ ಯಾರಿಗಾದರೂ ಆಪರೇಷನ್ ಸಮಯದಲ್ಲಿ ಅನಸ್ತೇಷಿಯಾದಿಂದ ತೊಂದರೆ ಆಗಿತ್ತೇ, ಸರ್?" ಎಂಬುದು ಪಟ್ಟಿಯ ಕೊನೆಯ ಪ್ರಶ್ನೆಯಾಗಿತ್ತು.

"ನಮ್ಮ ಅಣ್ಣ ಒಂದು ರಾತ್ರಿ ಸತ್ತು ಬದುಕಿದನೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ" ಎಂದೆ.

ಅವರು ಪೆನ್ನನ್ನು ಕೆಳಗಿಟ್ಟರು. "ಹೇಳಿ ಸರ್, ನಿಧಾನವಾಗಿ ಹೇಳಿ" ಎಂದರು.

1968ರಲ್ಲಿ ನನಗಿಂತ ಏಳು ವರ್ಷ ಹಿರಿಯನಾದ ಅಣ್ಣನಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ನಾನಾಗ ಬೇರೆ ಊರಿನ ವಿದ್ಯಾರ್ಥಿನಿಲಯದಲ್ಲಿದ್ದೆ. ನಾನು ಕಂಡದ್ದಲ್ಲದ, ಕೇಳಿದ್ದನ್ನು ಅವರಿಗೆ ಹೇಳಿದೆ. ಅವರು ಮೂರು ಸಂಗತಿಗಳನ್ನು ಕೇಳಿದರು. ಉಸಿರಾಟ ನಿಂತಿತ್ತೇ, ಎಷ್ಟು ಹೊತ್ತು ನಿಂತಿತ್ತು, ಆಗ ಅಣ್ಣನಿಗೆ ಎಚ್ಚರವಿತ್ತೇ? ಮೂರಕ್ಕೂ ನಾನು ಸಂದೇಹವಿಲ್ಲದ ಉತ್ತರ ಕೊಡಲಾರದೆ ಹೋದೆ, ಏಕೆಂದರೆ ನಮ್ಮ ಮನೆಯಲ್ಲಿದ್ದುದು ಒಂದೇ ಕತೆಯಲ್ಲ. "ಗುರುವಾರದ ಆಪರೇಷನ್ ಮುಂದೆ ಹಾಕೋಣ. ಒಂದು ರಕ್ತಪರೀಕ್ಷೆ ಬರೆಯುತ್ತೇನೆ, ಬೆಂಗಳೂರಿಗೆ ಹೋಗಿ ಬರಬೇಕು. ಅಷ್ಟರಲ್ಲಿ ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ" ಎಂದರು. ಹೊರಗೆ ಕುಳಿತಿದ್ದ ನನ್ನ ಹೆಂಡತಿಗೆ ಮುಂದೂಡಿದ ಸುದ್ದಿ ಸಮಾಧಾನಕ್ಕಿಂತ ಹೆಚ್ಚು ದಿಗಿಲನ್ನು ತಂದಿತು. ಎಲ್ಲ ವರದಿಗಳೂ ಸರಿಯಾಗಿರುವಾಗ ಏನೋ ಒಂದು ಸರಿಯಿಲ್ಲವೆಂಬ ಮಾತು ಅವಳನ್ನು ಎರಡು ರಾತ್ರಿ ನಿದ್ರೆಗೆ ಬಿಡಲಿಲ್ಲ. ನಾನೂ ನಿದ್ರಿಸಿದೆನೆಂದು ಹೇಳಲಾರೆ.

ಅಣ್ಣ 2009ರಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅಮ್ಮ ಅದಕ್ಕೂ ಮುಂಚೆ, 1991ರಲ್ಲಿಯೇ ಹೋಗಿದ್ದಳು. ಶಸ್ತ್ರಚಿಕಿತ್ಸೆಯ ದಾಖಲೆಗಳು ಉಳಿದಿರಲಿಲ್ಲ. ಉಳಿದಿದ್ದವರು ಅತ್ತಿಗೆ ಮತ್ತು ಊರಿನ ಒಂದಿಬ್ಬರು ಹಳಬರು. ಅತ್ತಿಗೆ 1970ರಲ್ಲಿ ನಮ್ಮ ಮನೆಗೆ ಬಂದವರು, ಆದ್ದರಿಂದ ಅವರೂ ಪ್ರತ್ಯಕ್ಷದರ್ಶಿಯಲ್ಲ. ಆದರೆ ಕತೆಯನ್ನು ಅಮ್ಮನ ಬಾಯಿಂದಲೂ ಅಣ್ಣನ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದವರು ಅವರೊಬ್ಬರೇ. ನಾನು ಊರಿಗೆ ಹೋಗಿ ಒಂದು ಮಧ್ಯಾಹ್ನ ಅವರ ಮುಂದೆ ಕಾಗದ ಹಿಡಿದು ಕುಳಿತೆ. ಹಸ್ತಪ್ರತಿಯ ಪಾಠಗಳನ್ನು ತಾಳೆ ನೋಡುವಾಗ ಮಾಡುವಂತೆ, ಒಂದೊಂದು ಹೇಳಿಕೆಗೂ ಒಂದೊಂದು ಅಕ್ಷರವನ್ನಿಟ್ಟು ಪ್ರತ್ಯೇಕವಾಗಿ ಬರೆದುಕೊಂಡೆ.

'ಅ' ಪಾಠ ಊರಿನದು. ಅಣ್ಣ ಯಮಲೋಕದ ಬಾಗಿಲವರೆಗೆ ಹೋದ, ಹೆಸರು ತಪ್ಪಿ ಕರೆತಂದರೆಂದು ಅಲ್ಲಿಂದ ಹಿಂದೆ ಕಳುಹಿಸಿದರು. ಇದು ಅನೇಕ ಊರುಗಳಲ್ಲಿ ಅನೇಕರ ಬಗ್ಗೆ ಹೇಳುವ ಆಶಯ. ನಡೆದ ಘಟನೆಗೆ ಸಿದ್ಧವಾಗಿದ್ದ ಕತೆಯೊಂದನ್ನು ತೊಡಿಸಿದ್ದಾರೆ. 'ಆ' ಪಾಠ ಅಮ್ಮನದು. ರಾತ್ರಿ ಆಪರೇಷನ್ ಮುಗಿದರೂ ಮಗ ಉಸಿರಾಡಲಿಲ್ಲ, ಡಾಕ್ಟರು ತಲೆಯ ಬಳಿ ಕುಳಿತು ಬೆಳಗಿನ ಜಾವದವರೆಗೂ ತಿದಿ ಒತ್ತಿದರು, ಅವಳು ಹರಕೆ ಹೊತ್ತಳು, ಕೋಳಿ ಕೂಗುವ ಹೊತ್ತಿಗೆ ಮಗನ ಬೆರಳು ಅಲ್ಲಾಡಿತು. 'ಇ' ಪಾಠ ಅಣ್ಣನ ಮಕ್ಕಳು ಇಂದು ಹೇಳುವುದು. ಅಪ್ಪನಿಗೆ ಉಸಿರಾಟದ ತೊಂದರೆಯಾಯಿತು, ರಾತ್ರಿಯಿಡೀ ಆಕ್ಸಿಜನ್ ಸಿಲಿಂಡರ್ ಹಾಕಿದರು. 'ಈ' ಪಾಠ ಅಣ್ಣನದೇ. ಅತ್ತಿಗೆಗೆ ಮಾತ್ರ ಹೇಳಿದ್ದು, ಅದೂ ಮದುವೆಯಾಗಿ ಬಹಳ ವರ್ಷಗಳ ಮೇಲೆ.

"ಅವರು ಅದನ್ನ ನಗಾಡ್ತಾ ಹೇಳೋರು. ಆದ್ರೆ ಕಣ್ಣಲ್ಲಿ ನಗು ಇರ್ತಿರ್ಲಿಲ್ಲ ಕಣೋ" ಎಂದರು ಅತ್ತಿಗೆ. "ಎಲ್ಲಾ ಕೇಳ್ತಿತ್ತಂತೆ. ಬಾಗಿಲಾಚೆ ದೊಡ್ಡಪ್ಪ ಅಳ್ತಾ ಅಳ್ತಾನೇ, ಹೆಣ ಊರಿಗೆ ಸಾಗ್ಸೋಕೆ ವ್ಯಾನಿನೋನ ಹತ್ರ ಬಾಡಿಗೆ ಚೌಕಾಸಿ ಮಾಡ್ತಿದ್ರಂತೆ. ಅರವತ್ತು ರೂಪಾಯಿ ಜಾಸ್ತಿ ಆಯ್ತು ಅಂದ್ರಂತೆ. ನಾನು ಬದುಕಿದೀನಿ ಅಂತ ಕೂಗ್ಬೇಕು ಅನ್ನಿಸ್ತಂತೆ. ರೆಪ್ಪೆ ಎತ್ತೋಕೂ ಆಗ್ಲಿಲ್ಲವಂತೆ."

"ಇದನ್ನು ಅಮ್ಮನಿಗೆ ಹೇಳಿದ್ದನೇ, ಅತ್ತಿಗೆ? ನಿಮಗೇನಾದರೂ ಗೊತ್ತೇ?"

"ಹೇಳಿರ್ಲಿಲ್ಲ. ಅತ್ತೆ ತಡ್ಕೊಳ್ತಿರ್ಲಿಲ್ಲ ಅಂತ."

ಈ ನಾಲ್ಕು ಪಾಠಗಳನ್ನು ಮುಂದಿಟ್ಟುಕೊಂಡು ನಾನು ಮಾಡಿದ್ದು ಗ್ರಂಥಸಂಪಾದನೆಯ ತರಗತಿಯಲ್ಲಿ ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಕೆಲಸವನ್ನೇ. ಮೊದಲು 'ತಿದಿ' ಎಂಬ ಶಬ್ದ. ಕಮ್ಮಾರನ ಕುಲುಮೆಯ ತಿದಿಯನ್ನು ದಿನವೂ ಕಂಡಿದ್ದ ಅಮ್ಮ, ಡಾಕ್ಟರು ಕೈಯಲ್ಲಿ ಹಿಚುಕುತ್ತಿದ್ದ ರಬ್ಬರಿನ ಚೀಲವನ್ನು ಆ ಹೆಸರಿನಿಂದ ಕರೆದಿದ್ದಳು. ಕುಲುಮೆಯನ್ನೇ ಕಾಣದ ಮೊಮ್ಮಕ್ಕಳ ಕಾಲಕ್ಕೆ ಆ ಶಬ್ದ ಅರ್ಥವಾಗದೆ, ಅರ್ಥವಾಗುವ 'ಸಿಲಿಂಡರ್' ಅದರ ಜಾಗಕ್ಕೆ ಬಂದಿತು. ಲಿಪಿಕಾರರು ತಮಗೆ ಅಪರಿಚಿತವಾದ ಹಳೆಯ ಶಬ್ದವನ್ನು ಬಿಟ್ಟು ಪರಿಚಿತ ಶಬ್ದವನ್ನು ಬರೆಯುವುದು ಇದೇ ರೀತಿಯಲ್ಲಿ. ಆದ್ದರಿಂದಲೇ ಎರಡು ಪಾಠಗಳಲ್ಲಿ ಕಠಿಣವಾದದ್ದು ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು ಎಂಬ ಸೂತ್ರವನ್ನು ಸಂಪಾದಕರು ಪಾಲಿಸುತ್ತಾರೆ. ಇಲ್ಲಿ ಪಾಠಾಂತರವು ಅರ್ಥವನ್ನೂ ಬದಲಿಸುತ್ತಿತ್ತು. ಸಿಲಿಂಡರ್ ಹಾಕಿದರೆಂದರೆ ರೋಗಿ ತಾನೇ ಉಸಿರಾಡುತ್ತಿದ್ದಾನೆ, ಅವನಿಗೆ ಆಮ್ಲಜನಕ ಸಾಲುತ್ತಿಲ್ಲ ಎಂದು ಅರ್ಥ. ತಿದಿ ಒತ್ತಿದರೆಂದರೆ ರೋಗಿ ಉಸಿರಾಡುತ್ತಲೇ ಇಲ್ಲ, ಇನ್ನೊಬ್ಬರು ಅವನಿಗಾಗಿ ಉಸಿರಾಡುತ್ತಿದ್ದಾರೆ ಎಂದು ಅರ್ಥ.

ಎರಡನೆಯದು ದೊಡ್ಡಪ್ಪನ ಚೌಕಾಸಿ. ಕತೆ ಕಟ್ಟುವವರು ಯಮದೂತರನ್ನು ಕಟ್ಟುತ್ತಾರೆ, ದೀಪದ ಬೆಳಕನ್ನು ಕಟ್ಟುತ್ತಾರೆ, ವ್ಯಾನಿನ ಬಾಡಿಗೆಯನ್ನು ಕಟ್ಟುವುದಿಲ್ಲ. ಯಾರ ಪ್ರಯೋಜನಕ್ಕೂ ಬಾರದ, ಕತೆಯ ಘನತೆಗೆ ಕುಂದು ತರುವ ಇಂಥ ವಿವರ ಉಳಿದುಬರುವುದು ಅದು ನಡೆದದ್ದರಿಂದಲೇ. ಹಾಗಾದರೆ ಅಣ್ಣನಿಗೆ ಆಗ ಎಚ್ಚರವಿತ್ತು. ಕಾಲದ ವಿಷಯದಲ್ಲಿ ಅಮ್ಮನ ಪಾಠವೂ ಅಣ್ಣನ ಪಾಠವೂ ಒಪ್ಪುತ್ತಿದ್ದವು. ರಾತ್ರಿ ಹತ್ತರ ಸುಮಾರಿಗೆ ಆಪರೇಷನ್ ಮುಗಿದಿತ್ತು, ಬೆರಳು ಅಲ್ಲಾಡಿದ್ದು ಬೆಳಗಿನ ಜಾವ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ವೈದ್ಯೆಯ ಮುಂದಿಟ್ಟೆ.

ಅವರು ಅದನ್ನು ಎರಡು ಸಲ ಓದಿದರು. ಮೂರನೆಯ ಸಂಗತಿಯೇ ತಮಗೆ ಬಹಳ ಮುಖ್ಯವೆಂದರು. ರೋಗಿ ಏಳದೆ ಮಲಗಿದ್ದರೆ ಅದಕ್ಕೆ ಹತ್ತು ಕಾರಣಗಳಿರಬಹುದು. ಮೆದುಳು ಎಚ್ಚತ್ತು ಸ್ನಾಯುಗಳು ಮಾತ್ರ ಏಳದಿದ್ದರೆ ಕಾರಣಗಳ ಸಂಖ್ಯೆ ಬಹಳ ಇಳಿಯುತ್ತದೆ. ಅವರ ವಿವರಣೆಯ ಸಾರ ಹೀಗಿದೆ. ಕೊಳವೆ ಇಳಿಸುವಾಗ ಸ್ನಾಯುಗಳನ್ನು ಸಡಿಲಿಸಲು 1950ರ ದಶಕದಿಂದ ಬಳಕೆಗೆ ಬಂದ ಔಷಧ ಸಕ್ಸಿನೈಲ್‌ಕೋಲಿನ್. 'ಸ್ಕೋಲಿನ್' ಎಂಬುದು ವೈದ್ಯರ ಬಾಯಲ್ಲಿ ರೂಢಿಯಾದ ಹೆಸರು. ಅದರ ದೊಡ್ಡ ಗುಣವೆಂದರೆ ಒಂದು ನಿಮಿಷದೊಳಗೆ ಕೆಲಸ ಮಾಡಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವುದು. ರಕ್ತದಲ್ಲಿರುವ ಒಂದು ಕಿಣ್ವವು ಅದನ್ನು ಒಡೆದುಹಾಕುವುದರಿಂದ ಹಾಗಾಗುತ್ತದೆ. ಕೆಲವರಲ್ಲಿ ಆ ಕಿಣ್ವವು ಹುಟ್ಟಿನಿಂದಲೇ ದೋಷಯುಕ್ತವಾಗಿರುತ್ತದೆ. ದಿನನಿತ್ಯದ ಬದುಕಿನಲ್ಲಿ ಅವರಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ಆದರೆ ಈ ಔಷಧ ಕೊಟ್ಟಾಗ ನಿಮಿಷಗಳ ಪರಿಣಾಮ ಗಂಟೆಗಟ್ಟಲೆ ಇರುತ್ತದೆ. ನಿದ್ರೆಯ ಔಷಧ ಇಳಿದು ಎಚ್ಚರವಾದರೂ ಎದೆಯ ಸ್ನಾಯುಗಳು ಉಸಿರೆಳೆಯಲಾರವು, ರೆಪ್ಪೆ ಏಳಲಾರದು. ಟೊರಾಂಟೋದಲ್ಲಿದ್ದ ಔಷಧವಿಜ್ಞಾನಿ ವರ್ನರ್ ಕ್ಯಾಲೋ 1950ರ ದಶಕದಲ್ಲಿ ಇದು ವಂಶವಾಹಿಯ ಮೂಲಕ ಬರುವ ಲಕ್ಷಣವೆಂದು ತೋರಿಸಿದರು. ಔಷಧಗಳಿಗೆ ದೇಹ ಸ್ಪಂದಿಸುವ ರೀತಿಯು ವಂಶದಲ್ಲಿ ಹರಿದುಬರುವುದನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರು. ತಂದೆತಾಯಿ ಇಬ್ಬರೂ ಈ ದೋಷದ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ, ಅವರ ಪ್ರತಿಯೊಂದು ಮಗುವಿಗೂ ಎರಡೂ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಅಣ್ಣನಿಗೆ ಬಂದಿದ್ದರೆ ನನಗೂ ಬಂದಿರಲು ಅಷ್ಟೇ ಅವಕಾಶವಿತ್ತು.

"ಆ ಡಾಕ್ಟರು ಯಾರೋ ಗೊತ್ತಿಲ್ಲ, ಸರ್. ಆದರೆ ಇವತ್ತು ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಔಷಧ ತಾನಾಗಿ ಇಳಿಯುವವರೆಗೆ ಉಸಿರು ಕೊಡುತ್ತಿದ್ದೆ. ನನ್ನ ಹತ್ತಿರ ಯಂತ್ರವಿದೆ, ಅವರ ಹತ್ತಿರ ಕೈಗಳಿದ್ದವು. ನಾನು ನಿದ್ರೆಯ ಔಷಧವನ್ನೂ ಮುಂದುವರಿಸುತ್ತಿದ್ದೆ, ಅಷ್ಟೇ ವ್ಯತ್ಯಾಸ" ಎಂದರು. ಐದಾರು ಗಂಟೆ ಒಂದೇ ಲಯದಲ್ಲಿ ರಬ್ಬರ್ ಚೀಲವನ್ನು ಹಿಚುಕಿದ, ನಮಗೆ ಹೆಸರು ತಿಳಿಯದ ಆ ವೈದ್ಯರನ್ನು ಸುಶ್ರುತನ ಪಟ್ಟಿಯ ಕೊನೆಯಲ್ಲಿ ಬರುವ ಮೂರು ವಿಶೇಷಣಗಳಿಂದಲೇ ನೆನೆಯಬೇಕೆನಿಸಿತು.

ಒಂದು ವಾರದ ಮೇಲೆ ರಕ್ತಪರೀಕ್ಷೆಯ ಫಲಿತಾಂಶ ಬಂದಿತು. ಆ ಕಿಣ್ವದ ಪ್ರಮಾಣ ಪ್ರಯೋಗಾಲಯದ ಮಿತಿಗಿಂತ ಬಹಳ ಕೆಳಗಿತ್ತು. ಇಲ್ಲಿ ವೈದ್ಯೆ ಹೇಳಿದ ಒಂದು ಮಾತನ್ನು ಸಂಶೋಧಕರು ಗಮನಿಸಬೇಕು. ಈ ಅಂಕಿಯೊಂದರಿಂದಲೇ ವಂಶದೋಷವೆಂದು ನಿರ್ಣಯಿಸಲಾಗದು. ಯಕೃತ್ತಿನ ಕಾಯಿಲೆಯಲ್ಲಿ, ಅಪೌಷ್ಟಿಕತೆಯಲ್ಲಿ, ಕೆಲವು ಕೀಟನಾಶಕಗಳ ಸಂಪರ್ಕದಲ್ಲಿ ಸಹ ಅದು ಇಳಿಯುತ್ತದೆ. ಹಾಗೆಯೇ ಅಣ್ಣನ ಕತೆಯೊಂದರಿಂದಲೇ ನನ್ನ ವಿಷಯದಲ್ಲಿ ಏನನ್ನೂ ಸಾಧಿಸಲಾಗದು. ನನ್ನ ಯಕೃತ್ತಿನ ಪರೀಕ್ಷೆಗಳು ಸರಿಯಾಗಿದ್ದವು, ಬೇರೆ ಕಾರಣಗಳೂ ಇರಲಿಲ್ಲ. ಆದ್ದರಿಂದ ಕತೆ ಮತ್ತು ಅಂಕಿ ಎರಡೂ ಒಂದನ್ನೊಂದು ಬೆಂಬಲಿಸಿದವು. ಕಾವ್ಯದ ಒಳಗಿನ ಸಾಕ್ಷ್ಯವೂ ಶಾಸನದ ಹೊರಗಿನ ಸಾಕ್ಷ್ಯವೂ ಕೂಡಿದಾಗ ನಮಗೆ ಆಗುವ ಅನುಭವ ಇಂಥದೇ. ಪಂಪನ ತಾಯಿ ಅಬ್ಬಣಬ್ಬೆಯ ಹೆಸರು ನಮಗೆ ತಿಳಿದುಬಂದದ್ದು ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಕೊರೆಸಿದ ಶಾಸನದಿಂದ. ಅಣ್ಣನ ಕುಟುಂಬದ ವಿವರಕ್ಕೆ ತಮ್ಮನ ಬರೆಹ ಆಕರವಾಯಿತು. ನನ್ನ ಮಟ್ಟಿಗೆ ಅದು ತಿರುವುಮುರುವಾಗಿ, ತಮ್ಮನ ದೇಹವನ್ನು ಓದಲು ಅಣ್ಣನ ಮಾತು ಆಕರವಾಯಿತು.

ಶಸ್ತ್ರಚಿಕಿತ್ಸೆಯ ಹೊಸ ದಿನ ನಿಗದಿಯಾಯಿತು. ಸ್ಕೋಲಿನ್ ಬದಲಾಗಿ ಆ ಕಿಣ್ವವನ್ನು ಅವಲಂಬಿಸದ ರೊಕ್ಯುರೋನಿಯಂ ಎಂಬ ಔಷಧವನ್ನು ಬಳಸುವುದೆಂದು ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಹಿಂದಿನ ರಾತ್ರಿ ಹಗುರವಾದ ಊಟ, ಆ ಮೇಲೆ ಘನ ಆಹಾರವಿಲ್ಲ, ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮೊದಲಿನವರೆಗೆ ತಿಳಿನೀರು ಮಾತ್ರ. ಹಸಿವಿನ ಈ ನಿಯಮಕ್ಕೂ ಒಂದು ಚರಿತ್ರೆಯಿದೆ. ಅರಿವಳಿಕೆಯಲ್ಲಿರುವಾಗ ಜಠರದಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಆಗುವ ಅಪಾಯವನ್ನು ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಹೆರಿಗೆಯ ರೋಗಿಗಳನ್ನು ಕುರಿತ ಪ್ರಬಂಧದಲ್ಲಿ ವಿವರಿಸಿದರು. ಸುಶ್ರುತನು ಉಣ್ಣಿಸಿ ಎಂದದ್ದೂ ಇಂದಿನವರು ಉಣ್ಣಿಸಬೇಡಿ ಎನ್ನುವುದೂ ರೋಗಿಯನ್ನು ಉಳಿಸಿಕೊಳ್ಳುವ ಕಾಳಜಿಯಿಂದಲೇ. ಅಲ್ಲಿ ನೋವಿನಿಂದ ಮೂರ್ಛೆ ಹೋಗುವ ಭಯ, ಇಲ್ಲಿ ಕೊಟ್ಟ ಮೂರ್ಛೆಯಲ್ಲಿಯೇ ಇರುವ ಭಯ.

ಅಂದು ಸಂಜೆ ಒಪ್ಪಿಗೆಯ ಪತ್ರ ಬಂದಿತು. ಅದನ್ನು ಓದದೆ ಸಹಿ ಹಾಕುವುದು ರೂಢಿ. ನಾನು ಓದಿದೆ. ರಕ್ತಸ್ರಾವ, ಸೋಂಕು, ಪಿತ್ತನಾಳಕ್ಕೆ ಪೆಟ್ಟು, ಬೇಕಾದರೆ ಹೊಟ್ಟೆಯನ್ನು ತೆರೆಯುವ ಅನಿವಾರ್ಯ, ಅಪರೂಪವಾಗಿ ಮರಣ. ಮೂತ್ರಾಶಯದ ಕಲ್ಲಿನ ಶಸ್ತ್ರಕರ್ಮವನ್ನು ಹೇಳುವಾಗ ಸುಶ್ರುತಸಂಹಿತೆಯೂ ಇದೇ ಸಂದಿಗ್ಧದಲ್ಲಿ ನಿಲ್ಲುತ್ತದೆ. ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಬದುಕುವುದು ಅನಿಶ್ಚಿತ, ಆದ್ದರಿಂದ ಒಡೆಯನ ಅನುಮತಿ ಪಡೆದು ಮುಂದುವರಿಯಬೇಕು ಎಂಬುದು ಅದರ ನಿಲುವು. ಅಂದು ಅನುಮತಿ ಕೊಡಬೇಕಾದವನು ಒಡೆಯ. ಇಂದು ರೋಗಿಯೇ ಆ ಸ್ಥಾನದಲ್ಲಿದ್ದಾನೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಂಡತಿ ಸಹಿ ಹಾಕಿದಳು. ಅವಳ ಕೈ ನಡುಗಿದ್ದು ಅಕ್ಷರಗಳಲ್ಲಿ ಉಳಿದಿದೆ.

ಬೆಳಿಗ್ಗೆ ಉಂಗುರವನ್ನೂ ಕನ್ನಡಕವನ್ನೂ ಕೈಗಡಿಯಾರವನ್ನೂ ಅವಳ ಕೈಗಿತ್ತು ಒಳಗೆ ಹೋದೆ. ಹೆಸರು, ವಯಸ್ಸು, ಯಾವ ಶಸ್ತ್ರಚಿಕಿತ್ಸೆ, ಯಾವ ಔಷಧ ಆಗದು ಎಂಬುದನ್ನು ಮೂವರು ಬೇರೆ ಬೇರೆಯಾಗಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ರೂಪಿಸಿದ ಸುರಕ್ಷತಾ ಪಟ್ಟಿಯಲ್ಲಿ ಅರಿವಳಿಕೆಗೆ ಮುಂಚೆ ಇಂಥ ವಿಷಯಗಳನ್ನು ಬಾಯಿಬಿಟ್ಟು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ. ಬರೆದದ್ದು ಕಡತದಲ್ಲಿದ್ದರೂ ಬಾಯಿಂದ ಕೇಳಬೇಕೆಂಬ ಈ ವಿವೇಕ ನನಗೆ ಹಿಡಿಸಿತು. ನಂತರ ನೆನಪಿರುವುದು ಕೈಯೊಳಗೆ ತಣ್ಣಗೆ ಏರಿದ ಔಷಧ, ಆ ಮೇಲೆ ಯಾರೋ ಹೆಸರು ಹಿಡಿದು ಕರೆದದ್ದು. ಕರೆದ ಕೂಡಲೆ ನಾನು ಮಾಡಿದ ಮೊದಲ ಕೆಲಸ ಬೆರಳುಗಳನ್ನು ಅಲ್ಲಾಡಿಸಿ ನೋಡಿದ್ದು. ಅವು ಅಲ್ಲಾಡಿದವು.

ಮನೆಗೆ ಬರುವಾಗ ವೈದ್ಯೆ ಒಂದು ಕಾರ್ಡನ್ನು ಕೊಟ್ಟರು. ಸಕ್ಸಿನೈಲ್‌ಕೋಲಿನ್ ಕೊಡಕೂಡದು ಎಂದು ಅದರ ಮೇಲಿದೆ. ಕೆಳಗೆ ಕುಟುಂಬದ ಇತಿಹಾಸವೆಂಬ ಸಾಲಿನಲ್ಲಿ, ಹಿರಿಯ ಸಹೋದರನಿಗೆ 1968ರಲ್ಲಿ ದೀರ್ಘಕಾಲ ಉಸಿರು ನಿಂತಿತ್ತು ಎಂದು ಬರೆದಿದ್ದಾರೆ. ಅಣ್ಣನ ಆ ರಾತ್ರಿ ನಮ್ಮಲ್ಲಿರುವ ಲಿಖಿತ ದಾಖಲೆಯೊಂದಕ್ಕೆ ಬಂದದ್ದು ಇದೇ ಮೊದಲು. ನನ್ನ ಮಗಳಿಗೆ ಈ ದೋಷದ ಒಂದು ಪ್ರತಿಯಾದರೂ ಬಂದಿರುತ್ತದೆ, ಅಣ್ಣನ ಮಕ್ಕಳಿಗೂ ಹಾಗೆಯೇ. ಒಂದೇ ಪ್ರತಿಯಿದ್ದವರಿಗೆ ಸಾಮಾನ್ಯವಾಗಿ ದೊಡ್ಡ ತೊಂದರೆಯಿಲ್ಲವಾದರೂ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ಅವರು ಹೇಳಿದ್ದರು. ನಾನು ಕಾರ್ಡಿನ ಪ್ರತಿಗಳನ್ನು ಮಾಡಿಸಿ ಎಲ್ಲರಿಗೂ ಹಂಚಿದೆ. ಅದರ ಜೊತೆಗೆ ನಾಲ್ಕು ಪಾಠಗಳನ್ನೂ 'ತಿದಿ' ಶಬ್ದಕ್ಕೆ ಅರ್ಥವನ್ನೂ ಬರೆದ ಹಾಳೆಯನ್ನು ಸೇರಿಸಿದೆ. ಅತ್ತಿಗೆ ತಮ್ಮ ಪ್ರತಿಯನ್ನು ಹಿಂದಿರುಗಿಸುತ್ತ, "ನನಗ್ಯಾಕೋ ಇದು? ನಂದು ಬೇರೆ ಮನೆ ರಕ್ತ" ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಹಾಳೆಯನ್ನು ಮಾತ್ರ ಮತ್ತೆ ಕೇಳಿ ಇಸಿದುಕೊಂಡರು.

ಮುಂದಿನ ತಿಂಗಳು ಅಣ್ಣನ ಮೊಮ್ಮಗಳಿಗೆ ಟಾನ್ಸಿಲ್ ಶಸ್ತ್ರಚಿಕಿತ್ಸೆಯಿದೆ. ಪರೀಕ್ಷೆಗಳ ಚೀಟಿಯೊಂದಿಗೆ ಈ ಕಾರ್ಡನ್ನೂ ಅವಳ ತಾಯಿ ಕಡತದ ಮೊದಲ ಪುಟಕ್ಕೆ ಲಗತ್ತಿಸಿದ್ದಾಳೆ.